ಉರಿಯೂತದ ಮೇಷ್ಟ್ರು

ನಮ್ಮ ಮೇಷ್ಟ್ರು ತೀರಿಕೊಂಡರು ಎಂದು ಫೋನು ಮಾಡಿದವಳು ನನ್ನ ಜೊತೆ ಬಿ.ಎಸ್ಸಿ. ಓದಿದ ಗೆಳತಿ. ಚಾಮರಾಜನಗರದಲ್ಲಿ ಸಂತಾಪ ಸಭೆ ಇಟ್ಟುಕೊಂಡಿದ್ದಾರೆ, ಹಳೆಯ ವಿದ್ಯಾರ್ಥಿಗಳ ಪರವಾಗಿ ನೀನೇ ನಾಲ್ಕು ಮಾತಾಡಬೇಕು, ನಿನ್ನ ಕಂಡರೆ ಅವರಿಗೆ ಎಷ್ಟು ಅಭಿಮಾನವಿತ್ತು ನೆನಪಿದೆಯಾ ಎಂದಳು. ನೆನಪಿದೆ, ಅದೇ ತೊಂದರೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಹಲ್ಲುನೋವು ಅಂತ ಸುಳ್ಳು ಹೇಳಿ ಫೋನಿಟ್ಟೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುವವರು ಮುಂದೆ ಓದದಿದ್ದರೂ ಸರಿ. ಅವರಲ್ಲಿ ಒಳ್ಳೆಯದು ಬೇಕಾದಷ್ಟಿತ್ತು, ನನಗೆ ಸಿಟ್ಟು ಬರುವುದೇ ಅದಕ್ಕೆ.

ಅವರು ಬೇಗೂರಿನ ಕಡೆಯವರು. ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದರು. ಕುಳ್ಳಗಿನ ಮೈ, ತುಂಬುತೋಳಿನ ಬಿಳಿ ಅಂಗಿ. ಡಸ್ಟರ್ ಹುಡುಕುವಷ್ಟು ತಾಳ್ಮೆ ಅವರಿಗಿರಲಿಲ್ಲ. ಅಂಗೈಯಲ್ಲೇ ಬೋರ್ಡು ಒರೆಸಿ ಅದೇ ಕೈಯಲ್ಲಿ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದರು. ಪಾಠ ಮುಗಿಸಿ ಹೊರಟಾಗ ಅವರ ಹಣೆಯ ಮೇಲೆ ವಿಭೂತಿ ಯಾವುದು, ಚಾಕ್‌ಪೀಸಿನ ಪುಡಿ ಯಾವುದು ಎಂದು ಯಾರೂ ಹೇಳುವ ಹಾಗಿರಲಿಲ್ಲ. ಯಾರಾದರೂ ಏನಾದರೂ ಹೇಳಿದರೆ ಸಾಕು, ಕನ್ನಡಕದ ಮೇಲಿನಿಂದ ನೋಡಿ, "ಸಾಕ್ಷಿ ಎಲ್ಲಮ್ಮಿ?" ಎನ್ನುತ್ತಿದ್ದರು. ಬಸ್ಸು ಕೆಟ್ಟು ನಿಂತಿತ್ತು, ಅದಕ್ಕೇ ತಡವಾಯಿತು ಸಾರ್ ಎಂದರೂ ಅದೇ ಪ್ರಶ್ನೆ. ನಾನು ಒಂದು ಸಲ ಕೈಗೆ ಮೆತ್ತಿದ್ದ ಗ್ರೀಸು ತೋರಿಸಿದೆ. ತರಗತಿಯೆಲ್ಲ ನಕ್ಕಿತು, ಅವರೂ ನಕ್ಕರು, ಅವತ್ತಿನಿಂದ ನಾನು ಅವರ ಲೆಕ್ಕಕ್ಕೆ ಬಂದೆ.

ನಾನು ಓದು ಮುಂದುವರಿಸಿದ್ದು ಅವರಿಂದಲೇ. ಎರಡನೇ ವರ್ಷದಲ್ಲಿ ಅಪ್ಪ ಸಾಕು ಎಂದುಬಿಟ್ಟಿದ್ದ. ನಾನು ಕಾಲೇಜಿಗೆ ಹೋಗುವುದು ನಿಂತಾಗ ಮೇಷ್ಟ್ರು ಒಂದು ಭಾನುವಾರ ಬಸ್ಸು ಹತ್ತಿ, ಗುಂಡ್ಲುಪೇಟೆಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು, ಹಂಗಳದ ನಮ್ಮ ಮನೆ ಹುಡುಕಿಕೊಂಡು ಬಂದರು. ಅಪ್ಪ ಜಗುಲಿಯ ಮೇಲೆ ಚಾಪೆ ಹಾಸಿದ.

"ಓದುಸ್ಬುಟ್ಟು ಏನ್ಮಾಡದು ಸಾರ್? ನಾಳಕ ಗಂಡು ಉಡುಕ್ಬೇಕಾದೋನು ನಾನು" ಎಂದ.

"ಗಂಡು ಎಲ್ಲೂ ಓಡೋಗಲ್ಲ ಯಜಮಾನ್ರೇ. ಈ ಮಗಿಗ ತಲೆ ಅದ. ಅದ ಹೊಲದ ಬದೀಗ ಆಕ್ಬುಟ್ಟು ಕೂರ್ಬೇಡಿ" ಎಂದರು ಮೇಷ್ಟ್ರು.

ಒಳಗಿನಿಂದ ಕಾಫಿ ತಂದುಕೊಟ್ಟವಳು ನನ್ನ ಅಕ್ಕ. ಅದೇ ಊರಿಗೆ ಮದುವೆಯಾಗಿ ಎರಡು ಬೀದಿ ಆಚೆ ಇದ್ದವಳು, ಮೇಷ್ಟ್ರು ಬಂದಿದ್ದಾರೆಂದು ಓಡಿಬಂದಿದ್ದಳು. ಅವಳಿಗೆ ಏಳನೇ ತರಗತಿಗೇ ಓದು ಬಿಡಿಸಿದ್ದರು. ಅಪ್ಪ ಕೊನೆಗೆ ತಲೆಯಾಡಿಸಿದಾಗ ನನಗಿಂತ ಹೆಚ್ಚು ಅತ್ತವಳು ಅವಳು. ಆಮೇಲೆ ಮೇಷ್ಟ್ರು ಎಂದರೆ ಅಕ್ಕನಿಗೆ ದೇವರ ಪಕ್ಕದ ಸ್ಥಾನ. ಪ್ರತಿ ಹಬ್ಬಕ್ಕೂ ಅವರ ಮನೆಗೆಂದು ಒಂದು ಚೀಲ ಅವರೆಕಾಯೋ, ಹೊಲದ ಅರಿಸಿನವೋ ನನ್ನ ಕೈಲಿ ಕಳಿಸುತ್ತಿದ್ದಳು.

ಇನ್ನು ಅವರ ಪಾಠ. ಉರಿಯೂತದ ಪಾಠವನ್ನು ಅವರಷ್ಟು ಚೆನ್ನಾಗಿ ಹೇಳುವವರನ್ನು ನಾನು ಈವರೆಗೂ ಕಂಡಿಲ್ಲ. ಮೈಗೆ ಗಾಯವಾದರೆ ಕೆಂಪಾಗಿ, ಊದಿ, ಬಿಸಿಯಾಗುತ್ತದಲ್ಲ, ಅದು ಉರಿಯೂತ. ಆ ಸುದ್ದಿ ಹೊರಗಿನಿಂದ ಕೋಶದ ಒಳಗೆ ಹೇಗೆ ಹೋಗುತ್ತದೆ, ಹೋಗಿ ಜೀನುಗಳನ್ನು ಹೇಗೆ ಎಬ್ಬಿಸುತ್ತದೆ ಎನ್ನುವುದು ಪಾಠ. ಸುದ್ದಿ ಒಯ್ಯುವ ಪ್ರೋಟೀನಿಗೆ ಎನ್‌ಎಫ್ ಕಪ್ಪಾ ಬಿ ಎಂದು ಹೆಸರು. ಮೇಷ್ಟ್ರು ಅದನ್ನು ಕಪ್ಪಣ್ಣ ಎಂದು ಕರೆದರು. "ಕಪ್ಪಣ್ಣ ಕೆಟ್ಟೋನಲ್ಲ. ಅವನ್ನ ಒಬ್ಬ ಕಾವಲುಗಾರ ಕಟ್ಟಾಕ್ಕೊಂಡು ಕೂತಿರ್ತಾನೆ. ಅಪಾಯದ ಸುದ್ದಿ ಬಂದ ತಕ್ಷಣ ಕಾವಲುಗಾರನ್ನ ತೆಗೆದಾಕ್ತಾರೆ. ಕಪ್ಪಣ್ಣ ಕೋಶಕೇಂದ್ರದೊಳಕ್ಕೆ ನುಗ್ಗಿ, ಜೀನಿನ ಮೇಲೆ ಕೂತು, ಏಳ್ರೋ, ಕೆಲಸ ಮಾಡ್ರೋ ಅಂತಾನೆ."

ನಮಗೆ ಅರ್ಥವಾಗದೆ ಮುಖ ಮುಖ ನೋಡಿಕೊಂಡೆವು. ಆಗ ಅವರು ನನ್ನ ಕಡೆ ತಿರುಗಿ, ನಿಮ್ಮೂರಲ್ಲಿ ಹೊಲಕ್ಕೆ ಆನೆ ಬಂದರೆ ಏನು ಮಾಡ್ತೀರಿ ಎಂದು ಕೇಳಿದರು. ಅಟ್ಟಣೆ ಮೇಲೆ ಇರುವವನು ತಗಡು ಬಡೀತಾನೆ ಸಾರ್, ಊರಿನವರೆಲ್ಲ ಪಂಜು ಹಿಡಿದು ಬರ್ತಾರೆ ಎಂದೆ. "ಆನೆ ಹೋಯ್ತು. ಆಮೇಲೆ?" "ತಗಡು ನಿಲ್ಲಿಸ್ತಾನೆ, ಎಲ್ಲ ಮನೆಗೆ ಹೋಗ್ತಾರೆ." "ಆನೆ ಹೋದ ಮೇಲೂ ತಗಡು ನಿಲ್ಲದೇ ಇದ್ರೆ?" ನಾನು ಯೋಚಿಸಿ, ಬಂದ ಜನವೇ ಬೆಳೆ ತುಳಿದು ಹಾಳು ಮಾಡ್ತಾರೆ ಸಾರ್ ಎಂದೆ. ಮೇಷ್ಟ್ರು ಮೇಜಿಗೆ ಗುದ್ದಿದರು. "ಅದೇ ಕಣಮ್ಮಿ ಕ್ಯಾನ್ಸರ್ ಗಡ್ಡೆ! ಸರಿಯಿರೋ ಕೋಶದಲ್ಲಿ ಕಪ್ಪಣ್ಣ ಎಬ್ಬಿಸೋ ಜೀನುಗಳಲ್ಲಿ ಒಂದು ಅವನ ಕಾವಲುಗಾರನ್ನೇ ಮತ್ತೆ ಹುಟ್ಟಿಸ್ತದೆ. ತನ್ನ ಕಟ್ಟಾಕೋ ಹಗ್ಗ ತಾನೇ ಹೊಸಿತಾನೆ. ಕ್ಯಾನ್ಸರ್ ಕೋಶದಲ್ಲಿ ಆ ಹಗ್ಗ ನಿಲ್ಲೋದಿಲ್ಲ. ಒಡೀರಿ, ಬೆಳೀರಿ, ಸಾಯಬೇಡಿ, ರಕ್ತನಾಳ ಕರಕೊಂಡು ಬನ್ನಿ ಅಂತ ಕೂಗ್ತಾನೇ ಇರ್ತಾನೆ." ನಾನು ಈಗ ಹೈಸ್ಕೂಲಿನ ಮಕ್ಕಳಿಗೆ ಹೀಗೇ ಹೇಳಿಕೊಡುತ್ತೇನೆ. ಬೇರೆ ಉದಾಹರಣೆ ಹುಡುಕಿ ನೋಡಿದೆ, ಇಷ್ಟು ಚೆನ್ನಾಗಿರುವುದು ಸಿಗಲಿಲ್ಲ.

ಈ ಪಾಠ ಅವರಿಗೆ ಬರೀ ಪುಸ್ತಕದ್ದಾಗಿರಲಿಲ್ಲ. ಮೈಸೂರಿನಲ್ಲಿ ಪಿಎಚ್.ಡಿ.ಗೆಂದು ಅರಿಸಿನದ ಸಾರವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡಿದ್ದರು. ಕಪ್ಪಣ್ಣನ ಕಟ್ಟು ಬಿಚ್ಚುವ ಕೈಯನ್ನು ಅರಿಸಿನ ಹಿಡಿದುಕೊಳ್ಳುತ್ತದೆ ಎಂದು ಕಂಡಿದ್ದರು. ಅವರ ಗೈಡ್ ಜೊತೆ ಏನೋ ಜಗಳವಾಗಿ ಅದು ಅರ್ಧಕ್ಕೇ ನಿಂತಿತು. ಅವರ ಜೊತೆಯವರೆಲ್ಲ ಡಾಕ್ಟರ್ ಎಂದು ಹೆಸರಿನ ಹಿಂದೆ ಹಾಕಿಕೊಂಡರು, ಇವರು ಹಾಕಿಕೊಳ್ಳಲಿಲ್ಲ. ಸ್ಟಾಫ್ ರೂಮಿನ ಬಾಗಿಲಲ್ಲಿದ್ದ ಹೆಸರುಗಳ ಹಲಗೆಯನ್ನು ಅವರು ತಲೆಯೆತ್ತಿ ನೋಡಿದ್ದನ್ನು ನಾನು ಕಂಡಿಲ್ಲ.

ಆದರೂ ಆಗ ಅವರು ಎಷ್ಟು ಖಡಾಖಂಡಿತವಾಗಿ ಮಾತಾಡುತ್ತಿದ್ದರು! ಒಬ್ಬ ಹುಡುಗ ಅರಿಸಿನ ಕ್ಯಾನ್ಸರ್‌ಗೆ ರಾಮಬಾಣ ಎಂಬ ಪೇಪರ್ ಕಟಿಂಗ್ ತಂದಾಗ ಅದನ್ನು ಬೋರ್ಡಿಗೆ ಅಂಟಿಸಿ ಗೇಲಿ ಮಾಡಿದ್ದರು. "ತಟ್ಟೆಯಲ್ಲಿ ಸತ್ತಿದ್ದು ಕೋಶ ಕಣಪ್ಪಾ, ರೋಗ ಅಲ್ಲ. ತಟ್ಟೆಗೆ ಕಾಯಿಸಿದ ನೀರು ಹುಯ್ದರೂ ಕೋಶ ಸಾಯ್ತದೆ. ಹಂಗಂತ ರೋಗಿ ಮೇಲೆ ಹುಯ್ತೀಯಾ? ತಿಂದ ಅರಿಸಿನ ಹೊಟ್ಟೆಯಿಂದ ರಕ್ತಕ್ಕೆ ದಾಟೋದೇ ಕಷ್ಟ. ಒಬ್ಬ ಮನುಷ್ಯನ ಮೈಗೂ ಒಂದು ಗಾಜಿನ ತಟ್ಟೆಗೂ ಎಷ್ಟು ದೂರ ಅಂತ ತಿಳಕೊಳ್ಳೋದೇ ವಿಜ್ಞಾನ." ಈ ಮಾತನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೆ. ಇಂಥ ಮನುಷ್ಯ ನಾಳೆ ಉಲ್ಟಾ ಹೊಡೆಯುತ್ತಾನೆಂದು ಯಾರಿಗೆ ತಾನೇ ಹೊಳೆದೀತು?

ನಾನು ಓದು ಮುಗಿಸಿ ಚಂದಕವಾಡಿಯ ಹತ್ತಿರ ಶಾಲೆಯಲ್ಲಿ ಕೆಲಸಕ್ಕೆ ಸೇರಿ, ಚಾಮರಾಜನಗರದಲ್ಲಿ ರೂಮು ಮಾಡಿಕೊಂಡ ಕಾಲಕ್ಕೆ ಮೇಷ್ಟ್ರು ಬದಲಾಗತೊಡಗಿದ್ದರು. ಅರಿಸಿನ ಬೆಳೆಯುವವರ ಒಂದು ಸಭೆಗೆ ಅವರನ್ನು ಭಾಷಣಕ್ಕೆ ಕರೆದರು. ಬೆಳೆಗಾರರಿಗೆ ಕಪ್ಪಣ್ಣ ಬೇಕಿರಲಿಲ್ಲ, ತಮ್ಮ ಹೊಲದ ಬೆಳೆ ಕ್ಯಾನ್ಸರನ್ನೇ ಹೆದರಿಸುತ್ತದೆ ಎಂದರೆ ಸಾಕಿತ್ತು. ಚಪ್ಪಾಳೆ ಬಿತ್ತು, ಹಾರ ಬಿತ್ತು, ಆಹ್ವಾನಪತ್ರಿಕೆಯಲ್ಲಿ ಹೆಸರಿನ ಹಿಂದೆ ಡಾಕ್ಟರ್ ಎಂದು ಅಚ್ಚಾಯಿತು. ಅವರು ಅದನ್ನು ತಿದ್ದಿಸಲಿಲ್ಲ. ಜನ ಅರಿಸಿನದ ಮೇಷ್ಟ್ರು ಎಂದು ಕರೆಯತೊಡಗಿದರು. ನನಗೆ ತಮಾಷೆ ಎನಿಸಿತ್ತು. ಒಂದು ಜೀವಮಾನ ಯಾರೂ ಕೇಳದ ಮಾತನ್ನು ಈಗ ಜನ ಕೇಳುತ್ತಿದ್ದಾರೆ, ಕೇಳಲಿ ಬಿಡು ಎಂದುಕೊಂಡೆ.

ಆ ವರ್ಷ ಅಕ್ಕನ ಎಡಗೆನ್ನೆಯ ಒಳಗೆ ಒಂದು ಹುಣ್ಣಾಯಿತು. ಅವಳಿಗೆ ಎಲೆಅಡಿಕೆಗೆ ಹೊಗೆಸೊಪ್ಪಿನ ಕಡ್ಡಿಪುಡಿ ಸೇರಿಸಿ ದವಡೆಗೆ ಒತ್ತರಿಸಿಕೊಳ್ಳುವ ಚಟ. ಕಳೆ ಕೀಳುವಾಗ ಹಸಿವು ಗೊತ್ತಾಗುವುದಿಲ್ಲ ಎಂದು ಹಂಗಳದ ಹೆಂಗಸರೆಲ್ಲ ಹಾಕುವುದೇ. ಹುಣ್ಣು ವಾಸಿಯಾಗದೆ ಸುತ್ತ ಬೆಳ್ಳಗೆ ಕಟ್ಟಿಕೊಂಡಾಗ ಗುಂಡ್ಲುಪೇಟೆಯ ಡಾಕ್ಟರು ನೋಡಿ, ತಡ ಮಾಡದೆ ಮೈಸೂರಿಗೆ ಹೋಗಿ, ಒಂದು ಚೂರು ತೆಗೆದು ಪರೀಕ್ಷೆ ಮಾಡಬೇಕು, ಈಗಲೇ ಆದರೆ ಕೊಯ್ದು ತೆಗೆದುಬಿಡಬಹುದು ಎಂದರು. ಕೊಯ್ಯುವುದು ಎಂದ ಕೂಡಲೇ ಅಕ್ಕ ನಡುಗಿದಳು. "ಮೊದ್ಲು ಮೇಷ್ಟ್ರ ಕೇಳನ ಕಣಮ್ಮಿ. ಅವ್ರು ಓಗು ಅಂದ್ರ ನಾಳಕೇ ಓಯ್ತೀನಿ" ಎಂದಳು. ನನಗೂ ಸರಿಯೆನಿಸಿತು. ಹೋಗು ಎಂದೇ ಹೇಳುತ್ತಾರೆ, ಅವರು ಹೇಳಿದರೆ ಇವಳು ಹೆದರದೆ ಹೋಗುತ್ತಾಳೆ ಎಂಬುದು ನನ್ನ ಲೆಕ್ಕಾಚಾರ. ಅದಕ್ಕಾಗಿ ನಾನು ನನ್ನನ್ನು ಬೈದುಕೊಳ್ಳುವುದಿಲ್ಲ. ತಟ್ಟೆಗೂ ಮೈಗೂ ಎಷ್ಟು ದೂರ ಎಂದು ನನಗೆ ಕಲಿಸಿದ ಮನುಷ್ಯನ ಹತ್ತಿರ ಕರೆದುಕೊಂಡು ಹೋಗಿದ್ದೆ.

ಗೌರಿ ಹಬ್ಬ ಕಳೆದ ವಾರ ಅದು. ಅವರ ಹೆಂಡತಿ ಬಾಗಿಲಿಗೇ ಬಂದು ಕೈಹಿಡಿದು ಕರೆದುಕೊಂಡರು. ದುಂಡುಮುಖದ, ಮಾತು ಜಾಸ್ತಿಯ ಹೆಂಗಸು. ಅಕ್ಕನ ಬಾಯುರಿಗೆಂದು ಕಡುಬನ್ನು ಹಾಲಿನಲ್ಲಿ ನೆನೆಸಿ ಕೊಟ್ಟರು. ಮೇಷ್ಟ್ರು ಟಾರ್ಚು ಬಿಟ್ಟು ಬಾಯೊಳಗೆ ನೋಡಿದರು. ಬಹಳ ಹೊತ್ತು ನೋಡಿದರು.

"ಆಪರೇಷನ್‌ಗೆ ಅವಸರ ಬೇಡ ಕಣಮ್ಮಿ" ಎಂದರು. "ಎಲೆಅಡಿಕೆ ಬುಡು. ನಿಮ್ಮ ಹೊಲದ್ದೇ ಅರಿಸಿನ ಅರೆದು ದಿನಾ ಹುಣ್ಣಿಗೆ ಹಚ್ಚು, ಹಾಲಿಗೂ ಹಾಕ್ಕೊಂಡು ಕುಡಿ. ಸಂಕ್ರಾಂತಿ ತನಕ ನೋಡನ."

"ಸಾರ್, ಡಾಕ್ಟ್ರು ತಡ ಮಾಡ್ಬೇಡಿ ಅಂದ್ರು" ಎಂದೆ.

"ಅವರು ಹುಣ್ಣು ನೋಡ್ತಾರೆ. ನಾನು ಅದರೊಳಗೆ ನಡೀತಿರೋದನ್ನ ನೋಡ್ತೀನಿ. ನಿಂಗೆ ನಾನು ಪಾಠ ಹೇಳಿಲ್ವಾ?" ಎಂದರು. ಆಮೇಲೆ ಒಳಗಿನಿಂದ ಹೊಸ ಡಿಜಿಟಲ್ ಕ್ಯಾಮೆರಾ ತಂದು ಅಕ್ಕನ ಬಾಯಿಯ ಫೋಟೊ ತೆಗೆದರು.

ಸಾಕ್ಷಿ ಎಲ್ಲಿ ಸಾರ್ ಎಂದು ಕೇಳಬೇಕಾದ ಹೊತ್ತು ಅದೇ. ನಾಲಗೆ ತುದಿಗೆ ಬಂದಿತ್ತು. ಆದರೆ ಅಕ್ಕ ಎರಡೂ ಕೈ ಮುಗಿದು, ಕೊಯ್ಸೋದು ತಪ್ಪಿತಲ್ಲ ಎಂದು ಮಗುವಿನ ಹಾಗೆ ನಗುತ್ತಿದ್ದಳು.

ಆಮೇಲೆ ಆಗಿದ್ದು ನಮ್ಮ ಕಡೆಯವರಿಗೆ ಮಾತ್ರ ಆಗಬಹುದಾದ ಎಡವಟ್ಟು. ಅರಿಸಿನ ಬೆಳೆಯುವ ಮನೆಗಳಲ್ಲಿ ಎಲ್ಲಿ ಊತ ಕಂಡರೂ ಅರಿಸಿನಕ್ಕೆ ಚಿಟಿಕೆ ಸುಣ್ಣ ಸೇರಿಸಿ ಹಚ್ಚುವುದು ರೂಢಿ. ಬರೀ ಅರಿಸಿನ ಹಚ್ಚುವುದು ಅಕ್ಕನ ಕೈಗೆ ಒಗ್ಗಲೇ ಇಲ್ಲ. ಎಲೆಅಡಿಕೆಯ ಡಬ್ಬಿಯಲ್ಲಿ ಉಳಿದಿದ್ದ ಸುಣ್ಣವನ್ನು ಉಗುರಿನಲ್ಲಿ ತೆಗೆದು ಕಲೆಸಿಯೇ ಹಚ್ಚಿದಳು. ಅರಿಸಿನಕ್ಕೆ ಸುಣ್ಣ ಬಿದ್ದರೆ ಆರತಿಯ ಓಕುಳಿಯ ಹಾಗೆ ಕೆಂಪಾಗುತ್ತದೆಂದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಹಾಗಾಗಿ ಹುಣ್ಣು ಒಡೆದು ರಕ್ತ ಬರಲು ಶುರುವಾದಾಗ ಅವಳು ಬಚ್ಚಲಲ್ಲಿ ಕೆಂಪಗೆ ಉಗುಳುತ್ತಿದ್ದದ್ದನ್ನು ಯಾರೂ ರಕ್ತ ಎಂದುಕೊಳ್ಳಲಿಲ್ಲ. ಭಾವನೂ ನೋಡಿದ, ಅಮ್ಮನೂ ನೋಡಿದಳು. ಮೇಷ್ಟ್ರು ಕೂಡ ನೋಡಿದರು. ಒಂದು ಸಲ ಫೋಟೊಗೆಂದು ಹಂಗಳಕ್ಕೇ ಬಂದಿದ್ದಾಗ, ಕೆಂಪಗೆ ಬರ್ತದಲ್ಲ ಮೇಷ್ಟ್ರೇ ಎಂದು ಅಮ್ಮ ಕೇಳಿದ್ದಕ್ಕೆ, ಸುಣ್ಣ ಸೇರಿದೆಯಲ್ಲ, ಅದೇ ಬಣ್ಣ ಎಂದು ಹೇಳಿ ಹೋದರಂತೆ. ಬೇರೆಯವರಿಗೆ ತಿಳಿಯಲಿಲ್ಲ ಎಂದರೆ ಒಪ್ಪುತ್ತೇನೆ. ಬಾಯಿ ಮುಕ್ಕಳಿಸಿ ಬಾ, ಮತ್ತೆ ನೋಡುತ್ತೇನೆ ಎನ್ನಲು ಅವರಿಗೆ ಏನಾಗಿತ್ತು?

ಡಿಸೆಂಬರಿನಲ್ಲಿ ಗುಂಡ್ಲುಪೇಟೆಯಲ್ಲಿ ಬೆಳೆಗಾರರ ಇನ್ನೊಂದು ಸಭೆಯಾಯಿತು. ನಾನೂ ಹೋಗಿದ್ದೆ. ಮೇಷ್ಟ್ರು ಪರದೆಯ ಮೇಲೆ ಕೋಶಗಳ ಚಿತ್ರ ತೋರಿಸಿದರು, ಆಮೇಲೆ, "ತಟ್ಟೆಯ ಮಾತು ಸಾಕು, ಮನುಷ್ಯರ ಮಾತಿಗೆ ಬರ್ತೀನಿ. ಇದು ನಿಮ್ಮದೇ ತಾಲ್ಲೂಕಿನ ಒಬ್ಬ ಹೆಣ್ಣುಮಗಳು" ಎಂದರು. ಪರದೆಯ ತುಂಬ ಒಂದು ತೆರೆದ ಬಾಯಿ ಬಂತು. ತುದಿ ಮುರಿದ ಮುಂದಿನ ಹಲ್ಲು ನೋಡಿದ ಕೂಡಲೇ ನನಗೆ ಗೊತ್ತಾಯಿತು, ಅದು ಅಕ್ಕನ ಬಾಯಿ. ಮೊದಲ ಫೋಟೊದಲ್ಲಿ ಬಿಳಿ ಕಟ್ಟಿದ ಹುಣ್ಣು ಇತ್ತು. ಎರಡನೆಯದರಲ್ಲಿ ಎಲ್ಲ ಸುಣ್ಣದ ಅರಿಸಿನ ಮೆತ್ತಿಕೊಂಡು ಕೆಂಪಾಗಿ, ಹುಣ್ಣೂ ಕಾಣುತ್ತಿರಲಿಲ್ಲ, ಏನೂ ಕಾಣುತ್ತಿರಲಿಲ್ಲ. "ನೋಡಿ, ಬಿಳಿ ಎಲ್ಲಿದೆ?" ಎಂದರು. ಜನ ಚಪ್ಪಾಳೆ ತಟ್ಟಿದರು. ಬೇರೆ ಯಾರಾದರೂ ಆ ಎರಡು ಫೋಟೊ ತಂದು ಹೀಗೆ ಹೇಳಿದ್ದರೆ ಇದೇ ಮನುಷ್ಯ ಅವರನ್ನು ಕಿಟಕಿಯಿಂದ ಆಚೆ ಎಸೆಯುತ್ತಿದ್ದರು.

ಸಭೆ ಮುಗಿದ ಮೇಲೆ ಹತ್ತಿರ ಹೋಗಿ, ಅಕ್ಕನಿಗೆ ಬಾಯಿ ತೆರೆಯೋಕೇ ಆಗ್ತಿಲ್ಲ ಸಾರ್, ನಾಳೆ ಮೈಸೂರಿಗೆ ಕರ್ಕೊಂಡು ಹೋಗ್ತೀನಿ ಎಂದೆ. "ಇನ್ನೊಂದು ತಿಂಗಳು ತಡಿ ಕಣಮ್ಮಿ. ಹೊಸ ವರ್ಷಕ್ಕೆ ಇದನ್ನ ದೊಡ್ಡ ಸಮ್ಮೇಳನದಲ್ಲಿ ಮಂಡಿಸ್ಬೇಕು, ಮಧ್ಯಕ್ಕೆ ಕೆಡಿಸ್ಬೇಡ" ಎಂದರು. ಕೆಡಿಸಬೇಡ ಎಂಬ ಮಾತು ಕೇಳಿ ನಾನು ಅಲ್ಲಿಂದ ಸೀದಾ ಹಂಗಳಕ್ಕೆ ಹೋದೆ. ಅಕ್ಕ ಬರಲು ಒಪ್ಪಲಿಲ್ಲ. "ಮೇಷ್ಟ್ರು ಸಂಕ್ರಾಂತಿ ಅಂದವ್ರ. ಅಪ್ಪನ್ನೇ ಒಪ್ಸಿದ ಮನ್ಸ, ನಂಗ ಮೋಸ ಮಾಡಾರಾ?" ಎಂದಳು. ಅತ್ತು ಕೂಗಾಡಿದೆ, ಭಾವನನ್ನು ಬೈದೆ. ಸಂಕ್ರಾಂತಿ ಕಳೆದು, ಕತ್ತಿನಲ್ಲಿ ನಿಂಬೆಕಾಯಿಯಷ್ಟು ಗಂಟು ಕಾಣಿಸಿಕೊಂಡ ಮೇಲೆ ಅವಳು ಬಸ್ಸು ಹತ್ತಿದಳು.

ಮೈಸೂರಿನ ಡಾಕ್ಟರು ಮೊದಲು ಬಾಯಿ ತೊಳೆಸಿದರು. ತೊಳೆದಷ್ಟೂ ಕೆಂಪು ಬಂತು. ಇನ್ನು ಕೊಯ್ಯುವ ಹಂತ ದಾಟಿದೆ, ಕರೆಂಟು ಕೊಟ್ಟು ನೋವು ಕಡಿಮೆ ಮಾಡೋಣ ಎಂದರು. ನಮ್ಮ ಕಡೆ ಕರೆಂಟು ಕೊಡುವುದು ಎಂದರೆ ವಿಕಿರಣದ ಚಿಕಿತ್ಸೆ. ಕತ್ತಿಗೆ ನೇರಳೆ ಬಣ್ಣದ ಗೆರೆ ಎಳೆದು, ಇದು ಅಳಿಸಬಾರದು ಎಂದರು. ದಿನಾ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದೆವು.

ಒಂದು ದಿನ ಆ ವರಾಂಡದಲ್ಲಿ ನಮ್ಮೆದುರಿಗೆ ಮೇಷ್ಟ್ರು ಕೂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ. ತಲೆಗೆ ಸ್ಕಾರ್ಫು ಕಟ್ಟಿದ್ದರು, ಸೆರಗಿನ ಅಂಚಿನಿಂದ ಕತ್ತಿನ ಬುಡಕ್ಕೆ ಅದೇ ನೇರಳೆ ಗೆರೆ. ಮೇಷ್ಟ್ರು ನಮ್ಮನ್ನು ಕಂಡು ಎದ್ದು ನಿಂತರು, ಮತ್ತೆ ಕೂತರು. ಅವರ ಹೆಂಡತಿಗೆ ಮಾತ್ರ ಏನೂ ಗೊತ್ತಿರಲಿಲ್ಲ. ಅಕ್ಕನನ್ನು ಗುರುತು ಹಿಡಿದು, ಎದ್ದು ಬಂದು ತಬ್ಬಿಕೊಂಡರು.

"ನಿಂಗೂ ಬಂತೇನವ್ವಾ? ನಂಗೆ ಎದೇಲಿ ಗಂಟು. ದಸರಾ ಕಳೀತಿದ್ದಂಗೇ ಆಪರೇಷನ್ ಮಾಡ್ಸುದ್ರು. ನಾನು ಹಬ್ಬದ ನೆಂಟ್ರು ಹೋಗ್ಲಿ, ಆಮೇಲೆ ನೋಡನ ಅಂದೆ. ನಮ್ಮನೆಯವ್ರು ಕೇಳ್ಬೇಕಲ್ಲ! ಒಂದು ದಿನಾನೂ ತಡ ಮಾಡ್ಬಾರ್ದು ಅಂತ ಊಟ ಬುಟ್ಟು ಕೂತ್ಬುಟ್ರು. ಈಗ ಗಂಟಿಲ್ಲ, ಏನಿಲ್ಲ, ಇದೊಂದು ಮುಗುದ್ರೆ ಆಯ್ತು ಅಂದವ್ರೆ."

ಅಕ್ಕ ಅವರ ಕೆನ್ನೆ ಸವರಿದಳು. ಅಷ್ಟರಲ್ಲಿ ಅಕ್ಕನ ಸರದಿ ಬಂದು ಒಳಗೆ ಕರೆದರು. ಅವರ ಹೆಂಡತಿ ನೀರು ತರಲು ಹೋದರು. ನಾನು ಮೇಷ್ಟ್ರ ಮುಂದೆ ಹೋಗಿ ನಿಂತೆ.

"ನಾನು ಯಾವ ಭಾಷಣದಲ್ಲೂ ಆಸ್ಪತ್ರೆಗೆ ಹೋಗ್ಬೇಡಿ ಅಂದಿಲ್ಲ" ಎಂದು ಅವರೇ ಶುರು ಮಾಡಿದರು. "ಅರಿಸಿನ ಜೊತೆಗಿರಲಿ ಅಂದೆ, ಅಷ್ಟೇ."

"ಅಕ್ಕನಿಗೆ ಸಂಕ್ರಾಂತಿ ತನಕ ಕಾಯಿ ಅಂದ್ರಿ ಸಾರ್. ಅಮ್ಮಾರನ್ನ ಒಂದು ದಿನಾನೂ ಯಾಕೆ ಕಾಯಿಸ್ಲಿಲ್ಲ?"

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ತರಗತಿಯಲ್ಲಿ ಯಾರಾದರೂ ತೀರಾ ದಡ್ಡ ಪ್ರಶ್ನೆ ಕೇಳಿದಾಗ ನೋಡುತ್ತಿದ್ದರಲ್ಲ, ಹಾಗೆ.

"ಅವಳು ನನ್ನ ಹೆಂಡ್ತಿ ಕಣಮ್ಮ" ಎಂದರು.

ಅದರಲ್ಲಿ ನಾಚಿಕೆಯೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ಅವರ ಹೆಂಡತಿ ಇವತ್ತಿಗೂ ಚೆನ್ನಾಗಿದ್ದಾರೆ. ಅವರ ಮೇಲೆ ನನಗೆ ಕೋಪವಿಲ್ಲ, ನೂರು ಕಾಲ ಬಾಳಲಿ. ಅಕ್ಕ ಆ ವರ್ಷದ ಮುಂಗಾರು ನೋಡಲಿಲ್ಲ.

ಅವತ್ತು ಆಸ್ಪತ್ರೆಯಿಂದ ವಾಪಸು ಬರುವಾಗ ಅಕ್ಕ ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದಳು. ಮಾತಾಡಿದರೆ ನೋಯುತ್ತಿದ್ದರಿಂದ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ನಂಜನಗೂಡು ದಾಟಿದ ಮೇಲೆ ಸೆರಗನ್ನು ಬಾಯಿಂದ ತೆಗೆದು, "ಆ ಅಮ್ಮ ಉಳ್ಕತ್ತಾರ ಅಲ್ವಾ?" ಎಂದಳು.

"ಹೂಂ ಕಣಕ್ಕ."

"ಉಳ್ಕಳ್ಳಿ. ಒಳ್ಳೆ ಎಂಗ್ಸು."

ಬೇಗೂರಿನಲ್ಲಿ ಬಸ್ಸು ನಿಂತು ಜನ ಹತ್ತಿ ಇಳಿದರು. ಬಸ್ಸು ಹೊರಟ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದಳು.

"ದಸರಾಲೇ ಮಾಡ್ಸುದ್ರಂತ. ನಾವು ಅವರ ಮನೇಗ ಓಗಿದ್ದು ಅದುಕ್ಕಿಂತ ಮುಂಚಲೇ ಅಲ್ವಾ? ನೀ ಅವ್ರತ್ರ ಓದ್ದೋಳು, ನಿಂಗ ಗೊತ್ತಿರ್ತದ. ಏಳಮ್ಮಿ, ನನ್ನ ಯಾಕ ಕಾಯ್ಸುದ್ರು?"

ಉತ್ತರವನ್ನು ಮಧ್ಯಾಹ್ನವಷ್ಟೇ ಅವರ ಬಾಯಿಂದ ಕೇಳಿದ್ದೆ. ಅಕ್ಕನ ಕೈಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು, "ಗೊತ್ತಿಲ್ಲ ಕಣಕ್ಕ" ಎಂದೆ.